ಅಲ್ಪಾಕಾದ ಉಣ್ಣೆ ತಾನಾಗಿ ಉದುರುವುದಿಲ್ಲ

ನಾಲ್ಕೂ ಕಾಲಿಗೆ ಹಗ್ಗ ಕಟ್ಟಿ ಮಲಗಿಸಿದ ಅಲ್ಪಾಕಾದ (ಒಂಟೆಯ ಬಳಗಕ್ಕೆ ಸೇರಿದ, ದಕ್ಷಿಣ ಅಮೆರಿಕದ ಉಣ್ಣೆಯ ಪ್ರಾಣಿ) ಮೈಮೇಲೆ ಯಂತ್ರದ ಕತ್ತರಿ ಓಡುವ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ‘ಕಾಡುಪ್ರಾಣಿಯನ್ನು ಹಿಡಿದು ಹಿಂಸಿಸುತ್ತಿದ್ದಾರೆ, ಬಿಟ್ಟುಬಿಟ್ಟರೆ ಉಣ್ಣೆ ತಾನೇ ಉದುರುತ್ತದೆ’ ಎಂದು ಅದರ ಕೆಳಗೆ ಬರೆದಿದ್ದಾರೆ. ಮರುಕ ನನಗೂ ಅರ್ಥವಾಗುತ್ತದೆ. ಆದರೆ ಮಾಹಿತಿ ತಪ್ಪು.

ಅಲ್ಪಾಕಾ ಕಾಡುಪ್ರಾಣಿಯಲ್ಲ. ಪೆರುವಿನ ಆಂಡಿಸ್ ಪರ್ವತಗಳ ಜನ ಸುಮಾರು 6000 ವರ್ಷಗಳ ಹಿಂದೆ ಪಳಗಿಸಿದ ಸಾಕುಪ್ರಾಣಿ ಅದು. ಅದರ ಮೂಲ ವಿಕುನ್ಯಾ ಎಂಬ ಕಾಡುಪ್ರಾಣಿ ಎಂಬುದನ್ನು 2001ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ತಲೆತಲಾಂತರದಿಂದ ಉಣ್ಣೆಗಾಗಿಯೇ ಆರಿಸಿ ಬೆಳೆಸಿದ್ದರಿಂದ ಅದರ ಕೂದಲು ಬೆಳೆಯುತ್ತಲೇ ಇರುತ್ತದೆ. ವರ್ಷಕ್ಕೊಮ್ಮೆ, ಬೇಸಿಗೆಯ ಬಿಸಿಲು ಏರುವ ಮೊದಲೇ, ಕತ್ತರಿಸದಿದ್ದರೆ ಉಣ್ಣೆ ಗಂಟುಗಟ್ಟಿ ಮೈಯ ಕಾವು ಹೊರಹೋಗುವುದಿಲ್ಲ. ಪ್ರಾಣಿ ಬಾಯಿ ತೆರೆದು ಏದುಸಿರು ಬಿಡುತ್ತ ಕುಸಿಯುತ್ತದೆ, ಸಾಯಲೂಬಹುದು.

ಹಗ್ಗ ಕಟ್ಟುವುದು ಒದ್ದಾಡಿದಾಗ ಅಲಗು ಚರ್ಮಕ್ಕೆ ತಗಲದಿರಲಿ ಎಂದು. ಒಬ್ಬರು ತಲೆ ಹಿಡಿದುಕೊಂಡಿರುತ್ತಾರೆ. ಬೆಳೆದ ಉಗುರನ್ನೂ ಉದ್ದವಾದ ಕೆಳಹಲ್ಲನ್ನೂ ಬಹಳಷ್ಟು ಕಡೆ ಆಗಲೇ ಸರಿಪಡಿಸುತ್ತಾರೆ. ಮೇಲ್ದವಡೆಯ ಮುಂಭಾಗದಲ್ಲಿ ಹಸುವಿಗೆ ಇರುವಂತೆ ಗಟ್ಟಿ ವಸಡು ಮಾತ್ರ ಇರುವುದರಿಂದ ಕೆಳಹಲ್ಲು ಸರಿಯಾಗಿ ಸವೆಯದಿದ್ದರೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಅವಸರದಲ್ಲಿ ಒರಟಾಗಿ ಎಳೆದಾಡಿ ಗಾಯ ಮಾಡುವವರೂ ಇದ್ದಾರೆ, ಅಂಥವರನ್ನು ಖಂಡಿಸಲೇಬೇಕು. ಆದರೆ ತಪ್ಪು ಆ ಕೈಯದು, ಕತ್ತರಿಸುವ ಕೆಲಸದ್ದಲ್ಲ.

ಮರುಕ ಪಡುವವರು ಗಮನಿಸಬೇಕಾದ್ದು ಇನ್ನೊಂದಿದೆ. ಚೆಂದದ ಮುಖ ನೋಡಿ ಒಂದೇ ಒಂದು ಅಲ್ಪಾಕಾ ತಂದು ಕಟ್ಟಿಹಾಕುವವರಿದ್ದಾರೆ. ಅದು ಮಂದೆಯ ಜೀವಿ, ಒಂಟಿಯಾದರೆ ಸೊರಗುತ್ತದೆ. ಕನಿಷ್ಠ ಮೂರಾದರೂ ಜೊತೆಗಿರಬೇಕು.