ಬೆನ್ನು ನೋಡಿ ಮಣೆ ಹಾಕಿದ ಕಥೆ

ನಮ್ಮ ಮನೆಯ ಟಿ.ವಿ.ಗೂ ಅದರ ಹಿಂದಿನ ಗೋಡೆಗೂ ನಡುವೆ ಒಂದು ಗೇಣಿನಷ್ಟು ಸಂದಿಯಿದೆ. ದೇವರ ಮನೆಯ ಮುಂದೆ ಹಾಕಿದ್ದಕ್ಕಿಂತ ಹೆಚ್ಚು ಸಾಷ್ಟಾಂಗ ನಮಸ್ಕಾರಗಳನ್ನು ನಾನು ಆ ಸಂದಿಯ ಮುಂದೆ ಹಾಕಿದ್ದೇನೆ. ಟಿ.ವಿ.ಯ ಬೆನ್ನಿನಲ್ಲಿ ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ತಂತಿ ಸಿಕ್ಕಿಸುವ ತೂತುಗಳು ಎರಡೇ ಇದ್ದವು. ಅವುಗಳಿಗೆ ಹಕ್ಕುದಾರರು ಮೂವರು. ಅಮ್ಮನ ಧಾರಾವಾಹಿಗಳಿಗೆ ಸೆಟ್ ಟಾಪ್ ಬಾಕ್ಸ್, ಮಗನಿಗೆ ಗೇಮ್ ಕನ್ಸೋಲ್, ನಮ್ಮ ಮದುವೆಯ ಡಿಸ್ಕನ್ನು ವರ್ಷಕ್ಕೊಮ್ಮೆ ನೋಡಿ ನಿಟ್ಟುಸಿರುಬಿಡಲು ಒಂದು ಡಿವಿಡಿ ಪ್ಲೇಯರ್. ಒಬ್ಬರ ಮನರಂಜನೆ ಮುಗಿದು ಮತ್ತೊಬ್ಬರದು ಶುರುವಾಗುವ ಮುನ್ನ ಯಾರಾದರೂ ನೆಲದ ಮೇಲೆ ಬೋರಲು ಮಲಗಿ ತಂತಿ ಬದಲಿಸಬೇಕಿತ್ತು, ಮತ್ತು ಆ ಕೆಲಸ ಪ್ರತಿಬಾರಿಯೂ ನನ್ನ ಪಾಲಿಗೇ ಬರುತ್ತಿತ್ತು.

ಇವುಗಳ ಜೊತೆಗೆ ಅಪ್ಪ ಬಿಟ್ಟುಹೋದ ರೆಕಾರ್ಡ್ ಪ್ಲೇಯರ್, ಒಂದು ಕ್ಯಾಸೆಟ್ ಡೆಕ್ ಮತ್ತು ಮರದ ಪೆಟ್ಟಿಗೆಯ ಎರಡು ಸ್ಪೀಕರುಗಳಿದ್ದವು. ಇವನ್ನೆಲ್ಲ ಹಾಡಿಸುತ್ತಿದ್ದ ಹಳೆಯ ಆಂಪ್ಲಿಫೈಯರಿಗೆ ಎಡಭಾಗ ಬಿದ್ದುಹೋಗಿ ವರ್ಷವಾಗಿತ್ತು. ಪಿಟೀಲು ಬಲಗಡೆ ಕುಳಿತಿದ್ದ ಕಛೇರಿಗಳಲ್ಲಿ ನಮಗೆ ಪಿಟೀಲು ಕೇಳುತ್ತಿತ್ತು, ಮೃದಂಗ ಊಹೆಗೆ ಬಿಟ್ಟದ್ದು.

ಹಾಗೊಂದು ಸಂಜೆ ಮಲಗಿ ತಡಕಾಡುತ್ತಿದ್ದಾಗ, ಡಿವಿಡಿಯದೆಂದು ತಿಳಿದು ನಾನೊಂದು ತಂತಿಯನ್ನು ಬಲವಾಗಿ ಎಳೆದೆ. ಅದರ ಇನ್ನೊಂದು ತುದಿಯಲ್ಲಿ ಅಮ್ಮನ ಎಲೆಕ್ಟ್ರಾನಿಕ್ ತಂಬೂರಿ ಇತ್ತು. ಅದು ಮೇಜಿನಿಂದ ಬಿದ್ದು, ಒಮ್ಮೆ ಷಡ್ಜ ನುಡಿದು, ಶಾಶ್ವತವಾಗಿ ಮೌನವಾಯಿತು. ಅಮ್ಮ ಏನೂ ಅನ್ನಲಿಲ್ಲ. ಅಮ್ಮ ಏನೂ ಅನ್ನದಿರುವುದು ನಮ್ಮ ಮನೆಯಲ್ಲಿ ಅತ್ಯಂತ ಗಂಭೀರವಾದ ವಿಷಯ. ತಂಬೂರಿಯನ್ನು ನಾಳೆಯೇ ರಿಪೇರಿಗೆ ಕೊಡುತ್ತೇನೆಂದು ಮಾತು ಕೊಟ್ಟೆ. ಎಲ್ಲ ಯಂತ್ರಗಳನ್ನೂ ಒಂದೇ ಪೆಟ್ಟಿಗೆಗೆ ಜೋಡಿಸುವ ಹೊಸ ಆಂಪ್ಲಿಫೈಯರನ್ನು ತರುತ್ತೇನೆಂದೂ ಅದೇ ಉಸಿರಿನಲ್ಲಿ ಘೋಷಿಸಿದೆ.

"ಆಂಪ್ಲಿಫೈಯರ್ ಅಂದರೆ ಏನೋ?" ಎಂದರು ಅಮ್ಮ.

"ಧ್ವನಿವರ್ಧಕ" ಎಂದೆ.

"ಮನೆಯೊಳಗೆ ಮೈಕ್ ಸೆಟ್ ಯಾಕೆ? ಗಣಪತಿ ಕೂರಿಸುತ್ತೀಯಾ?"

ತಪ್ಪು ಅಮ್ಮನದಲ್ಲ. ಮೈಕು, ಆಂಪ್ಲಿಫೈಯರು, ಮರಕ್ಕೆ ಕಟ್ಟುವ ಹಾರನ್ನು, ಈ ಮೂರಕ್ಕೂ ಒಂದೇ ಶಬ್ದವನ್ನು ಬಳಸಿಕೊಂಡು ಬಂದಿರುವ ನಾವು, ಮನೆಯ ಹಿರಿಯರು ಗಾಬರಿಯಾದರೆ ದೂರುವಂತಿಲ್ಲ.

ನನ್ನ ಮೊದಲ ಶೋಧನೆ ವಾಟ್‌ಗಳನ್ನು ಕುರಿತಾಗಿತ್ತು. ತೊಂಬತ್ತರ ದಶಕದಲ್ಲಿ ಬೆಳೆದವನಿಗೆ ಇದು ಸಹಜ. ಆಗಿನ ಟೇಪ್ ರೆಕಾರ್ಡರುಗಳ ಡಬ್ಬಿಗಳ ಮೇಲೆ ‘ಪಿಎಂಪಿಒ’ ಎಂಬ ನಾಲ್ಕಕ್ಷರದ ಮಂತ್ರದೊಂದಿಗೆ 1,000 ವಾಟ್, 2,000 ವಾಟ್ ಎಂದೆಲ್ಲ ಮುದ್ರಿಸಿರುತ್ತಿದ್ದರು; ಗೋಡೆಯಿಂದ ಒಂದು ಬಲ್ಬಿನಷ್ಟು ಕರೆಂಟನ್ನೂ ಎಳೆಯದ ಪೆಟ್ಟಿಗೆ ಒಂದು ಇಸ್ತ್ರಿಪೆಟ್ಟಿಗೆಯನ್ನೂ ಮೀರಿಸುವ ಶಕ್ತಿಯನ್ನು ಎಲ್ಲಿಂದ ಹೊರಡಿಸುತ್ತದೆಂದು ನಾವಾರೂ ಕೇಳಲಿಲ್ಲ. ಈಗ ಆ ಮಂತ್ರ ಹೋಗಿದೆ, ಆದರೆ ಸಣ್ಣ ಅಕ್ಷರಗಳು ಬಂದಿವೆ. ‘ಪ್ರತಿ ಚಾನೆಲ್‌ಗೆ 130 ವಾಟ್’ ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ಇರುವೆಯ ಗಾತ್ರದಲ್ಲಿ ‘ಒಂದೇ ಚಾನೆಲ್ ನಡೆಯುತ್ತಿರುವಾಗ’ ಎಂದು ಸೇರಿಸಿರುತ್ತಾರೆ. ಚಾನೆಲ್ ಎಂದರೆ ಇಲ್ಲಿ ಟಿ.ವಿ.ಯದಲ್ಲ, ಒಂದೊಂದು ಸ್ಪೀಕರಿಗೆ ಹೋಗುವ ಧ್ವನಿಯ ಪಾಲು. ಇಡೀ ಪಂಕ್ತಿಯಲ್ಲಿ ಒಬ್ಬನೇ ಕುಳಿತಾಗ ಅವನಿಗೆ ಎಷ್ಟು ಹೋಳಿಗೆ ಬಡಿಸಿದರೋ ಐವರು ಕುಳಿತಾಗಲೂ ತಲಾ ಅಷ್ಟೇ ಬೀಳುತ್ತದೆಂದು ನಂಬಿಸುವ ಲೆಕ್ಕ ಇದು.

ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಈ ವಿಷಯದಲ್ಲಿ ನನ್ನ ಮೇಲೆ ಕರುಣೆ ತೋರಿದ. "ಮಾವ, 50 ವಾಟಿನಿಂದ 100 ವಾಟಿಗೆ ಹೋದರೆ ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ನಿಮ್ಮ ಹಾಲ್‌ನಲ್ಲಿ ಮಾತು ಕೇಳುವಷ್ಟು ಸದ್ದಿಗೆ ಒಂದೆರಡು ವಾಟ್ ಸಾಕು" ಎಂದ. ಒಂದೆರಡು ವಾಟಿನ ಆಂಪ್ಲಿಫೈಯರನ್ನು ಯಾರೂ ಮಾರುವುದಿಲ್ಲವೆಂಬುದೂ, ಮಾರಿದರೂ ನೆಂಟರೆದುರು ಹೇಳಿಕೊಳ್ಳುವ ಸಂಖ್ಯೆ ಅದಲ್ಲವೆಂಬುದೂ ಅವನಿಗೆ ಹೊಳೆಯಲಿಲ್ಲ.

ಮರುದಿನ ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಸಾದರ ಪತ್ರಪ್ಪನವರ ಹೆಸರಿನ ಈ ರಸ್ತೆಯಲ್ಲಿ ಸಿಗದ ತಂತಿಯಿಲ್ಲ, ಸಿಗುವ ಪಾರ್ಕಿಂಗ್ ಇಲ್ಲ. ನಾವು ಹೊಕ್ಕ ಅಂಗಡಿಯಲ್ಲಿ ನಾನು ಒಂದೊಂದೇ ಆಂಪ್ಲಿಫೈಯರಿನ ಮುಂದೆ ನಿಂತು, ಅದರ ಗುಂಡಿಯನ್ನು ತಿರುಗಿಸಿ, ನೀಲಿ ದೀಪವನ್ನು ಮೆಚ್ಚಿ, ತಲೆದೂಗುತ್ತಿದ್ದೆ. ಐದು ನಿಮಿಷ ಸಹಿಸಿದ ಮಾರಾಟದ ಹುಡುಗ, "ಸಾರ್, ಮುಂದೆ ನೋಡಿದರೆ ಎಲ್ಲವೂ ಒಂದೇ. ಹಿಂದೆ ನೋಡಿ" ಎಂದು ಹೇಳಿ, ಎಂಟೊಂಬತ್ತು ಕಿಲೋ ತೂಕದ ಒಂದು ಪೆಟ್ಟಿಗೆಯನ್ನು ಗರ್ರನೆ ತಿರುಗಿಸಿದ. ಮುಖ ನೋಡಿ ಮಣೆ ಹಾಕುವುದು ನಮ್ಮ ಕಡೆಯ ರೂಢಿ. ಆಂಪ್ಲಿಫೈಯರಿಗೆ ಮಾತ್ರ ಬೆನ್ನು ನೋಡಿ ಮಣೆ ಹಾಕಬೇಕೆಂದು ಆ ಕ್ಷಣ ತಿಳಿಯಿತು. ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆಯೂ ಇಲ್ಲಿ ನಡೆಯದು. ಒಂದರ ಬೆನ್ನಿನಲ್ಲಿ ಎಚ್‌ಡಿಎಂಐ ತೂತು ನಾಲ್ಕಿದ್ದರೆ ಮತ್ತೊಂದರಲ್ಲಿ ಒಂದೂ ಇಲ್ಲ. ಒಂದರಲ್ಲಿ ಹಳೆಯ ಯಂತ್ರಗಳ ಧ್ವನಿಯ ತಂತಿ ಸಿಕ್ಕಿಸುವ ಕೆಂಪು–ಬಿಳಿ ತೂತುಗಳು ಆರು ಜೊತೆ, ಇನ್ನೊಂದರಲ್ಲಿ ಎರಡೇ.

ಬೇಗನೆ ಸ್ಪಷ್ಟವಾದದ್ದೇನೆಂದರೆ ಆಂಪ್ಲಿಫೈಯರುಗಳಲ್ಲಿ ಎರಡು ಪಂಗಡಗಳಿವೆ, ಅವುಗಳ ನಡುವೆ ಕೊಡುಕೊಳ್ಳುವಿಕೆ ಕಡಿಮೆ. ಎರಡು ಸ್ಪೀಕರಿನ ಸ್ಟೀರಿಯೋ ಆಂಪ್ಲಿಫೈಯರ್ ಸಂಗೀತದವರದು. ಅದಕ್ಕೆ ರೆಕಾರ್ಡ್ ಪ್ಲೇಯರ್ ಗೊತ್ತು, ಕ್ಯಾಸೆಟ್ ಗೊತ್ತು, ಟಿ.ವಿ. ಎಂದರೆ ಅಷ್ಟಕ್ಕಷ್ಟೆ. ಎ.ವಿ. ರಿಸೀವರ್ ಎಂಬುದು ಸಿನಿಮಾದವರದು. ಎಲ್ಲ ಯಂತ್ರಗಳ ಚಿತ್ರವನ್ನೂ ಧ್ವನಿಯನ್ನೂ ಒಳಗೆಳೆದುಕೊಂಡು, ಚಿತ್ರವನ್ನು ಒಂದೇ ತಂತಿಯಲ್ಲಿ ಟಿ.ವಿ.ಗೆ ದಾಟಿಸಿ, ಧ್ವನಿಯನ್ನು ತಾನಿಟ್ಟುಕೊಳ್ಳುತ್ತದೆ. ನನ್ನ ಸಾಷ್ಟಾಂಗ ನಮಸ್ಕಾರಗಳನ್ನು ತಪ್ಪಿಸಬಲ್ಲದ್ದು ಎರಡನೆಯದೇ. ನಾಲ್ಕು ಎಚ್‌ಡಿಎಂಐ ಇದ್ದ ಒಂದನ್ನು, ಹಿಂದೆ ಎರಡು ಜೊತೆ ಕೆಂಪು–ಬಿಳಿ ತೂತುಗಳೂ ಇವೆಯೆಂದು ಬೆರಳಿಟ್ಟು ಎಣಿಸಿ ಖಚಿತಪಡಿಸಿಕೊಂಡು, ಮೂವತ್ತು ಸಾವಿರದ ಮೇಲೆ ತೆತ್ತು, ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ತೂತುಗಳ ಸಂಖ್ಯೆಯನ್ನು ಎಣಿಸಿದ ನಾನು ಅವುಗಳ ಮೇಲೆ ಏನು ಬರೆದಿದೆಯೆಂದು ಓದಿರಲಿಲ್ಲ.

ಮನೆಯಲ್ಲಿ ಮೊದಲೆರಡು ದಿನ ಟಿ.ವಿ.ಯದೇ ಆ್ಯಪ್‌ಗಳ ಸದ್ದು ಹೊಸ ಪೆಟ್ಟಿಗೆಯ ಮೂಲಕ ಬರಲಿಲ್ಲ. 2009ರಿಂದ ಈಚೆಗೆ ಎಚ್‌ಡಿಎಂಐಯಲ್ಲಿ ‘ಎಆರ್‌ಸಿ’ ಎಂಬ ಏರ್ಪಾಡಿದೆ. ಚಿತ್ರ ಹೋದ ತಂತಿಯಲ್ಲೇ ಟಿ.ವಿ.ಯ ಧ್ವನಿ ಹಿಂದಿರುಗಿ ಬರುತ್ತದೆ. ಆದರೆ ಟಿ.ವಿ.ಯ ಎರಡು ತೂತುಗಳಲ್ಲಿ ಆ ಮೂರಕ್ಷರ ಬರೆದಿರುವ ಒಂದಕ್ಕೇ ಸಿಕ್ಕಿಸಬೇಕು. ನಾನು ಸಿಕ್ಕಿಸಿದ್ದು ಮತ್ತೊಂದಕ್ಕೆ. ಅದನ್ನು ಸರಿಪಡಿಸಲು, ಕೊನೆಯದೆಂದು ಹೇಳಿಕೊಂಡು, ಮತ್ತೊಮ್ಮೆ ಸಾಷ್ಟಾಂಗ ಹಾಕಿದೆ.

ಪೆಟ್ಟಿಗೆಯ ಜೊತೆಗೆ ಒಂದು ಪುಟ್ಟ ಮೈಕು ಬಂದಿತ್ತು. ಅದನ್ನು ನಾವು ಕೂರುವ ಜಾಗದಲ್ಲಿಟ್ಟರೆ ಯಂತ್ರವು ತಾನೇ ಸ್ಪೀಕರುಗಳಲ್ಲಿ ಬುಸ್ಸೆಂದು ಸದ್ದು ಮಾಡಿ, ಅದನ್ನು ಅಳೆದು, ಕೋಣೆಗೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ. ಆ ವೇಳೆ ಕೋಣೆ ನಿಶ್ಶಬ್ದವಾಗಿರಬೇಕು. ಮೊದಲನೆಯ ಸಲ ಮೂರನೇ ಬುಸ್ಸಿಗೆ ಅಡುಗೆಮನೆಯಿಂದ ಕುಕ್ಕರ್ ಉತ್ತರ ಕೊಟ್ಟಿತು, ‘ಸುತ್ತಲಿನ ಸದ್ದು ಹೆಚ್ಚಾಗಿದೆ’ ಎಂದು ತೆರೆಯ ಮೇಲೆ ಬಂತು. "ರೀ, ನಿಮ್ಮ ಪೆಟ್ಟಿಗೆಗೋಸ್ಕರ ಬೇಳೆ ಹಸಿಯಾಗಿ ತಿನ್ನೋಣವೇ?" ಎಂದಳು ನನ್ನ ಹೆಂಡತಿ. ಎರಡನೆಯ ಸಲ ಸೊಪ್ಪಿನವಳ ಕೂಗು. ಕೊನೆಗೆ ರಾತ್ರಿ ಹನ್ನೊಂದಕ್ಕೆ ಎಲ್ಲರನ್ನೂ ಉಸಿರು ಬಿಗಿಹಿಡಿಸಿ ಕೂರಿಸಿದೆ. ಕೊನೆಯ ಬುಸ್ಸಿನ ಹೊತ್ತಿಗೆ, ಅದೇನು ಸದ್ದೆಂದು ವಿಚಾರಿಸಲು ಬಂದ ಕೆಳಮನೆಯವರು ಕರೆಗಂಟೆ ಒತ್ತಿದರು. ಅಳತೆ ಅಂಗೀಕಾರವಾಯಿತು. ನಮ್ಮ ಮನೆಯ ಧ್ವನಿ ಇಂದಿಗೂ ಕರೆಗಂಟೆಯನ್ನು ಲೆಕ್ಕಕ್ಕೆ ಹಿಡಿದೇ ಹೊಂದಿಕೆಯಾಗಿದೆ.

ಇನ್ನು ಯಂತ್ರ ಆಗಾಗ ತಾನಾಗಿ ಆರಿಹೋಗುತ್ತಿತ್ತು. ಇದಕ್ಕೆ ಕಾರಣ ಬೇಗ ಸಿಕ್ಕಿತು. ಧೂಳು ಬೀಳಬಾರದೆಂದು ನನ್ನ ಹೆಂಡತಿ ಅದರ ಮೇಲೆ ತಾನೇ ಹೆಣೆದ ಕ್ರೋಶಾ ಹೊದಿಕೆಯನ್ನು ಹೊದಿಸಿ, ಅದರ ಮೇಲೊಂದು ಚನ್ನಪಟ್ಟಣದ ಗೊಂಬೆಯ ಜೋಡಿಯನ್ನು ಇಟ್ಟಿದ್ದಳು. ಶಾಖ ಹೊರಹೋಗಲು ಕಿಂಡಿಗಳಿರುವುದೇ ಅದರ ನೆತ್ತಿಯ ಮೇಲೆ.

ಎಲ್ಲಕ್ಕಿಂತ ದೊಡ್ಡ ಮುಖಭಂಗ ಅಪ್ಪನ ರೆಕಾರ್ಡ್ ಪ್ಲೇಯರಿನಿಂದ ಆಯಿತು. ಎಣಿಸಿ ತಂದ ಕೆಂಪು–ಬಿಳಿ ತೂತುಗಳಿಗೆ ಸಿಕ್ಕಿಸಿ, ಅಮ್ಮನನ್ನು ಎದುರಿಗೆ ಕೂರಿಸಿ, ತಟ್ಟೆಯ ಮೇಲೆ ಮುಳ್ಳಿಟ್ಟೆ. ಸೊಳ್ಳೆಪರದೆಯ ಹೊರಗೆ ಸೊಳ್ಳೆಯೊಂದು ವರ್ಣ ಹಾಡುತ್ತಿರುವಂತೆ ಕೇಳಿಸಿತು. ಫೋನಾಯಿಸಿದಾಗ ಅಕ್ಕನ ಮಗ ಕೇಳಿದ: "ಮಾವ, ಆ ತೂತಿನ ಮೇಲೆ ‘ಫೋನೋ’ ಎಂದು ಬರೆದಿದೆಯೇ?" ಬರೆದಿರಲಿಲ್ಲ. ಡಿವಿಡಿ ಪ್ಲೇಯರಿನಿಂದ ಸುಮಾರು ಎರಡು ವೋಲ್ಟಿನವರೆಗೆ ಸಂಕೇತ ಬಂದರೆ ರೆಕಾರ್ಡಿನ ಮುಳ್ಳಿನಿಂದ ಬರುವುದು ಐದು ಮಿಲಿವೋಲ್ಟಿನಷ್ಟು, ಅಂದರೆ ನಾನೂರರಲ್ಲಿ ಒಂದು ಪಾಲು. ಅದು ಸಾಲದೆಂದು, ತಟ್ಟೆ ಕೊರೆಯುವಾಗಲೇ ಮಂದ್ರದ ಸ್ವರಗಳನ್ನು ತಗ್ಗಿಸಿ ತಾರದವುಗಳನ್ನು ಏರಿಸಿರುತ್ತಾರೆ, ಇಲ್ಲದಿದ್ದರೆ ಗೆರೆಗಳು ಅಗಲವಾಗಿ ಒಂದರ ಮೇಲೊಂದು ಬೀಳುತ್ತವೆ. ನುಡಿಸುವಾಗ ಅದನ್ನು ತಲೆಕೆಳಗು ಮಾಡಿ ಸರಿಗೊಳಿಸಬೇಕು. 1954ರ ಸುಮಾರಿಗೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಈ ಲೆಕ್ಕವನ್ನು ಹಳೆಯ ಆಂಪ್ಲಿಫೈಯರುಗಳು ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತಿದ್ದವು. ನನ್ನ ಹೊಸದು ಇಟ್ಟುಕೊಂಡಿರಲಿಲ್ಲ.

ಆದ್ದರಿಂದ ಆ ಕ್ಷೀಣ ಸಂಕೇತವನ್ನು ಏರಿಸಿ ಸರಿಗೊಳಿಸುವ ಫೋನೋ ಪ್ರೀಆಂಪ್ ಎಂಬ, ಸೋಪಿನ ಡಬ್ಬಿಯಷ್ಟಿರುವ ಇನ್ನೊಂದು ಪೆಟ್ಟಿಗೆ ಬಂತು. ಅದಕ್ಕೊಂದು ಅಡಾಪ್ಟರು, ಅಡಾಪ್ಟರಿಗೊಂದು ಪ್ಲಗ್ಗು, ಪ್ಲಗ್ಗಿಗೊಂದು ಎಕ್ಸ್‌ಟೆನ್ಷನ್ ಬೋರ್ಡು. ಎಲ್ಲವನ್ನೂ ಒಂದಾಗಿಸಲು ಹೊರಟವನ ಮನೆಯಲ್ಲಿ ತಂತಿಗಳ ಸಂಖ್ಯೆ ಹನ್ನೊಂದರಿಂದ ಹದಿನೇಳಕ್ಕೆ ಏರಿತು. ಮುಳ್ಳಿಡುವ ಮುನ್ನವೇ ಸ್ಪೀಕರುಗಳಿಂದ ‘ಹೂಂ’ ಎಂದು ಗಂಭೀರವಾದ ನಾದ ಹೊರಟಿತು. ನಾನು ಬೆವರಿದೆ. ಅಮ್ಮ ಕಣ್ಣು ಮುಚ್ಚಿ ಆಲಿಸಿ, "ಐದು ಮನೆ ಶ್ರುತಿ. ಕೂದಲೆಳೆಯಷ್ಟು ಏರಿದೆ" ಎಂದರು.

ಅವರ ಕಿವಿ ಸುಳ್ಳಾಡುವುದಿಲ್ಲ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಐದು ಮನೆ ಶ್ರುತಿಯ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಯ ಷಡ್ಜ, ಕೆಳಗಿನ ಸ್ಥಾಯಿಗಳಲ್ಲಿ ನೋಡಿದರೆ, 49ರ ಆಸುಪಾಸಿನಲ್ಲಿ ಬೀಳುತ್ತದೆ. ವಿದ್ಯುತ್ ಇಲಾಖೆ ಹಗಲಿರುಳು ಹಿಡಿದಿರುವ ಶ್ರುತಿ ಅದು. ನಮ್ಮ ಮನೆಗೆ ಅದು ಬಂದ ದಾರಿಯನ್ನು ಅಕ್ಕನ ಮಗ ಹುಡುಕಿದ: ರೆಕಾರ್ಡ್ ಪ್ಲೇಯರಿನ ಹಿಂದಿನಿಂದ ಇಳಿಬಿದ್ದಿದ್ದ ತೆಳ್ಳನೆಯ ಒಂಟಿ ತಂತಿಯನ್ನು, ಹಳೆಯ ಆಂಟೆನಾದ ಪಳೆಯುಳಿಕೆ ಎಂದು ಭಾವಿಸಿ, ನಾನೇ ಅಚ್ಚುಕಟ್ಟಾಗಿ ಕತ್ತರಿಸಿದ್ದೆ. ಅದು ಅರ್ತ್ ತಂತಿ. ಅವನು ಅದರ ತುದಿಯನ್ನು ಸುಲಿದು, ಸೋಪಿನ ಡಬ್ಬಿಯ ತಿರುಪಿಗೆ ಬಿಗಿದ. ನಾದ ತಟ್ಟನೆ ನಿಂತಿತು. ಅಪ್ಪನ ತಟ್ಟೆ, ಎಡ ಬಲ ಎರಡೂ ಕಡೆ ತುಂಬಿಕೊಂಡು, ಮೃದಂಗಸಮೇತ ಹಾಡಿತು. ನಾನು ಹಿಂದಿರುಗಿ ಎಲ್ಲರ ಮುಖ ನೋಡಿದೆ.

ಅಮ್ಮ ತಟ್ಟೆ ಮುಗಿಯುವವರೆಗೂ ಸುಮ್ಮನೆ ಕೇಳಿದರು. ಆಮೇಲೆ, ತಂಬೂರಿ ರಿಪೇರಿಯಾಗಿ ಬಂತೇ ಎಂದು ವಿಚಾರಿಸಿದರು. ಅದಿನ್ನೂ ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು.

"ಹಾಗಾದರೆ ಒಂದು ಕೆಲಸ ಮಾಡು" ಎಂದರು ಅಮ್ಮ. "ಸಂಜೆ ಆರಕ್ಕೆ ನಾನು ಹಾಡಿಕೊಳ್ಳಲು ಕೂತಾಗ ಆ ತಿರುಪನ್ನು ಸ್ವಲ್ಪ ಸಡಿಲಿಸಿ ಕೊಡು."

ಆ ತಿರುಪು ಇರುವುದು ಟಿ.ವಿ.ಯ ಹಿಂದಿನ ಸಂದಿಯಲ್ಲಿ. ಈಗ ದಿನಕ್ಕೆ ಎರಡು ಬಾರಿ, ಆರಕ್ಕೊಮ್ಮೆ ಸಡಿಲಿಸಲು, ಏಳಕ್ಕೊಮ್ಮೆ ಬಿಗಿಯಲು, ನೆಲಕ್ಕೆ ಮಲಗುತ್ತಿದ್ದೇನೆ.