ಮಕ್ಕಳ ಹಲ್ಲಿನ ಹುಳುಕಿಗೆ ಪ್ರೋಬಯಾಟಿಕ್ ಹಾಲು: ಬೇಕೆ, ಬೇಡವೆ?

ಪರ

ಹುಳುಕು ಹಲ್ಲಿನಲ್ಲಿ ಹುಳು ಇರುವುದಿಲ್ಲ. ಇರುವುದು ಸಕ್ಕರೆ ತಿಂದು ಆಮ್ಲ ಬಿಡುವ ಬ್ಯಾಕ್ಟೀರಿಯಾ, ಅದರಲ್ಲೂ ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಬಾಯನ್ನು ಪೂರ್ತಿ ಸೂಕ್ಷ್ಮಜೀವಿಮುಕ್ತ ಮಾಡುವುದು ಸಾಧ್ಯವೂ ಅಲ್ಲ, ಕ್ಷೇಮವೂ ಅಲ್ಲ. ಹಾಗಿರುವಾಗ ಉಪದ್ರವಿಗಳೆದುರು ನಿರುಪದ್ರವಿಗಳನ್ನು, ಅಂದರೆ ಪ್ರೋಬಯಾಟಿಕ್ ಎಂಬ ಉಪಕಾರಿ ಜೀವಂತ ಸೂಕ್ಷ್ಮಜೀವಿಗಳನ್ನು, ಹಾಲಿನ ಮೂಲಕ ಪೈಪೋಟಿಗೆ ಬಿಡುವ ಯೋಚನೆಯಲ್ಲಿ ಹುರುಳಿದೆ.

ಇದು ಬರಿಯ ಊಹೆಯಲ್ಲ. 2001ರಲ್ಲಿ ಪ್ರಕಟವಾದ ಹೆಲ್ಸಿಂಕಿಯ ಅಧ್ಯಯನದಲ್ಲಿ 1ರಿಂದ 6 ವರ್ಷದ 594 ಮಕ್ಕಳಿಗೆ ಶಿಶುಪಾಲನಾ ಕೇಂದ್ರಗಳಲ್ಲಿ ವಾರಕ್ಕೆ 5 ದಿನದಂತೆ 7 ತಿಂಗಳು ಹಾಲು ಕೊಟ್ಟರು. ಒಂದು ಗುಂಪಿನ ಹಾಲಿಗೆ ಮಾತ್ರ ಲ್ಯಾಕ್ಟೊಬ್ಯಾಸಿಲಸ್ ರ್ಯಾಮ್ನೋಸಸ್ ಜಿಜಿ ಎಂಬ ಪ್ರೋಬಯಾಟಿಕ್ ತಳಿಯನ್ನು ಸೇರಿಸಲಾಗಿತ್ತು. ಆ ಗುಂಪಿನಲ್ಲಿ ಹುಳುಕಿನ ಅಪಾಯ ಕಡಿಮೆಯಾಯಿತು. ಫಲ ಎದ್ದು ಕಂಡದ್ದು 3–4 ವರ್ಷದವರಲ್ಲಿ, ಅಂದರೆ ಬ್ರಷ್ ಕಂಡರೆ ಬಾಯಿ ಬಿಗಿಹಿಡಿಯುವ ವಯಸ್ಸಿನವರಲ್ಲೇ. ಹಾಲನ್ನಾದರೆ ಆ ಮಕ್ಕಳು ತಾವಾಗಿಯೇ ಕುಡಿಯುತ್ತಾರೆ. ನಮ್ಮಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಹೋಗುತ್ತಿರುವುದರಿಂದ, ಮಕ್ಕಳನ್ನು ತಲುಪುವ ದಾರಿಯನ್ನು ಹೊಸದಾಗಿ ಹುಡುಕಬೇಕಾಗಿಲ್ಲ.

ವಿರೋಧ

ಆ ದಾರಿಯಲ್ಲೇ ತೊಡಕಿದೆ. ಕ್ಷೀರಭಾಗ್ಯದ ಹಾಲನ್ನು ಪುಡಿಯಿಂದ ಕಾಯಿಸಿ, ಸಕ್ಕರೆ ಬೆರೆಸಿ, ಬಿಸಿಬಿಸಿಯಾಗಿ ಲೋಟಕ್ಕೆ ಹುಯ್ಯುತ್ತಾರೆ. ಪ್ರೋಬಯಾಟಿಕ್ ಎನ್ನಿಸಿಕೊಳ್ಳಲು ಜೀವಿಗಳು ಸಾಕಷ್ಟು ಸಂಖ್ಯೆಯಲ್ಲಿ ಜೀವಂತವಾಗಿರಬೇಕು. ಕುದಿಯುವ ಹಾಲಿನಲ್ಲಿ ಅವು ಬದುಕುವುದಿಲ್ಲ, ಆರಿದ ಮೇಲೆ ಬೆರೆಸೋಣವೆಂದರೆ ಅವನ್ನು ತಂಪಾಗಿ ಕಾಪಿಡುವ ಫ್ರಿಜ್ ಎಲ್ಲ ಅಂಗನವಾಡಿಗಳಲ್ಲೂ ಇರಬೇಕಾಗುತ್ತದೆ.

ಸಾಕ್ಷ್ಯವನ್ನೂ ತುಸು ಬಿಡಿಸಿ ನೋಡಬೇಕು. 2009ರ ಸ್ವೀಡನ್ ಅಧ್ಯಯನದಲ್ಲಿ ಹುಳುಕು ಗಣನೀಯವಾಗಿ ತಗ್ಗಿತು ನಿಜ, ಆದರೆ ಆ ಹಾಲಿನಲ್ಲಿ ಲ್ಯಾಕ್ಟೊಬ್ಯಾಸಿಲಸ್ ಜೊತೆಗೆ ಹುಳುಕು ತಡೆಯುವ ಫ್ಲೋರೈಡ್ ಕೂಡ ಇತ್ತು. ಶ್ರೇಯಸ್ಸು ಯಾವುದರ ಪಾಲಿಗೆ? ಮೇಲಾಗಿ ಹೊರಗಿನಿಂದ ಬಂದ ಬ್ಯಾಕ್ಟೀರಿಯಾ ಬಾಯಲ್ಲಿ ಸಾಮಾನ್ಯವಾಗಿ ನೆಲೆಯೂರುವುದಿಲ್ಲ, ಕೊಡುವುದು ನಿಂತ ಕೆಲವೇ ವಾರಗಳಲ್ಲಿ ಮರೆಯಾಗುತ್ತದೆ. ಲ್ಯಾಕ್ಟೊಬ್ಯಾಸಿಲಸ್ ಸ್ವತಃ ಆಮ್ಲ ತಯಾರಿಸುವ ಜಾತಿ. ಈಗಾಗಲೇ ತೂತು ಬಿದ್ದ ಹಲ್ಲಿನೊಳಗೆ ಅದರ ಬಳಗವೇ ಬೀಡುಬಿಟ್ಟಿರುತ್ತದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ (ಹೇಳಬೇಕೆಂದು ಯಾರೂ ಕೇಳಿಯೂ ಇಲ್ಲ).

ಅಂಗಡಿಯ ಪುಟ್ಟ ಪ್ರೋಬಯಾಟಿಕ್ ಬಾಟಲಿಯನ್ನು ತಿರುಗಿಸಿ ಲೇಬಲ್ ಓದಿದರೆ ಎಷ್ಟೋ ಸಲ ಮೊದಲ ಸಾಲುಗಳಲ್ಲೇ ಸಕ್ಕರೆ ಕಾಣುತ್ತದೆ, ಮ್ಯೂಟನ್ಸ್‌ಗೆ ಬೇಕಾದದ್ದೂ ಅದೇ. ಮನೆಯ ಮೊಸರು ಊಟಕ್ಕೆ ಸೊಗಸು. ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆಯೆಂದು ಗೊತ್ತಿಲ್ಲದಿರುವಾಗ ಅದನ್ನು ಹಲ್ಲಿನ ಔಷಧ ಎನ್ನಲಾಗದು. ಅದಕ್ಕಿಂತ ನಿಶ್ಚಿತವಾದದ್ದು ಫ್ಲೋರೈಡ್ ಪೇಸ್ಟು: 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಪಾವಗಡದಂಥ ಕಡೆ, ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವುದರಿಂದ, ಮಗು ಪೇಸ್ಟನ್ನು ನುಂಗದೆ ಉಗುಳುವಂತೆ ಹತ್ತಿರ ನಿಂತು ನೋಡಿಕೊಳ್ಳಬೇಕು. ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ ಎಂದು ಸುಮ್ಮನಿದ್ದು, ರಾತ್ರಿ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಗುವನ್ನು ಮಲಗಿಸುವ ಮನೆಯಲ್ಲಿ, ಹಗಲು ಕುಡಿಸಿದ ಯಾವ ಬ್ಯಾಕ್ಟೀರಿಯಾವೂ ಬೆಳಗಿನವರೆಗೆ ಕಾವಲು ಕಾಯುವುದಿಲ್ಲ.