ಏಳಲೊಲ್ಲದ ಕಾರು, ಸೇರಿದ ಪಂಡಿತರು

ಟೈರು ಪಂಕ್ಚರ್ ಆದ ಕಾರನ್ನು ಕಂಡರೆ ಜನ ಅಯ್ಯೋ ಎಂದು ಮುಂದಕ್ಕೆ ಹೋಗುತ್ತಾರೆ. ಸ್ಟಾರ್ಟ್ ಆಗದ ಕಾರಿನ ಹತ್ತಿರ ಮಾತ್ರ ನಿಲ್ಲುತ್ತಾರೆ. ಪಂಕ್ಚರಿನಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಗಾಳಿ ಹೋಗಿದೆ, ಅಷ್ಟೇ. ಬೆಳಗಿನ ಹೊತ್ತು ಬೀದಿಯಲ್ಲಿ ಒಂದು ಕಾರು ಗೊರ ಗೊರ ಎಂದು ಒದ್ದಾಡತೊಡಗಿತೋ, ಹಾಲಿನ ಪ್ಯಾಕೆಟ್ ಹಿಡಿದವರು, ವಾಕಿಂಗ್ ಮುಗಿಸಿದವರು, ಗೇಟಿನ ಮುಂದೆ ನೀರು ಚಿಮುಕಿಸುತ್ತಿದ್ದವರು ಎಲ್ಲರೂ ಬಂದು ಸೇರುತ್ತಾರೆ. ಯಾರೋ ಬಾನೆಟ್ ತೆಗೆಯಲು ಹೇಳುತ್ತಾರೆ. ತೆಗೆದ ಮೇಲೆ ಎಲ್ಲರೂ ಬಗ್ಗಿ ನೋಡುತ್ತಾರೆ. ಏನು ನೋಡಬೇಕೆಂದು ಗೊತ್ತಿಲ್ಲದವರು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಾರೆ.

ಇವರಲ್ಲಿ ಯಾರೂ ಎದುರಿಗಿರುವ ಕಾರನ್ನು ಪರೀಕ್ಷಿಸುತ್ತಿಲ್ಲ ಎಂಬುದು ನನ್ನ ಗುಮಾನಿ. ತಂತಮ್ಮ ಕಾರಿನ ಹಳೆಯ ಕಾಯಿಲೆಯನ್ನು ಇದಕ್ಕೆ ಹಚ್ಚುತ್ತಿರುತ್ತಾರೆ. ಒಮ್ಮೆ ಫ್ಯೂಯೆಲ್ ಪಂಪಿಗೆ ದುಡ್ಡು ಸುರಿದವರ ಪಾಲಿಗೆ ಲೋಕದ ಕಾರುಗಳೆಲ್ಲ ಪಂಪು ಕೆಟ್ಟೇ ನಿಂತಿರುತ್ತವೆ. ಇಲಿ ವೈರು ಕಡಿದ ಮನೆಯವರು ಮೊದಲು ಹಿಕ್ಕೆ ಹುಡುಕುತ್ತಾರೆ. ಪೆಟ್ರೋಲಿನಲ್ಲಿ ನೀರಿದೆ ಎನ್ನುವ ಹಿರಿಯರೊಬ್ಬರು ಪ್ರತಿ ಬೀದಿಗೂ ಇದ್ದೇ ಇರುತ್ತಾರೆ. ಅವರೊಂದಿಗೆ ವಾದ ಮಾಡಿ ಗೆದ್ದವರಿಲ್ಲ.

ಈ ಗದ್ದಲದಲ್ಲಿ ಕಾರಿನ ಮಾತು ಯಾರಿಗೂ ಕೇಳಿಸುವುದಿಲ್ಲ. ಪಾಪ, ಅದು ಬಾಯಿಬಿಟ್ಟೇ ಹೇಳುತ್ತಿರುತ್ತದೆ. ಕೀಲಿ ತಿರುಗಿಸಿದಾಗ ಇಂಜಿನ್ ಸುತ್ತುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಎಂದಿನ ಚುರುಕಿನಲ್ಲೇ ಸುತ್ತಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯುವುದು ಅನ್ಯಾಯ. ಅಲ್ಲಿ ಬಹುಮಟ್ಟಿಗೆ ಇಂಧನವೋ ಕಿಡಿಯೋ ತಲುಪುತ್ತಿಲ್ಲ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇರುವುದರಿಂದ, ಕೀಲಿಯನ್ನು ಆನ್ ಮಾಡಿ ಸುಮ್ಮನೆ ಕುಳಿತರೆ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಕ್ಷಣ ಗುಂಯ್ ಎಂಬ ಸದ್ದು ಬರುತ್ತದೆ. ಬರಲಿಲ್ಲವೆಂದರೆ ಪಂಪು ಕೆಟ್ಟಿದೆ ಎಂದವರ ಮಾತಿಗೆ ಈ ಸಲ ಬೆಲೆ ಕೊಡಬಹುದು, ಆದರೆ ಮೊದಲು ಫ್ಯೂಸ್ ನೋಡಿ. ಇಂಜಿನ್ ಕಾದಾಗ ಮಾತ್ರ ಹಠ ಮಾಡಿ, ತಣ್ಣಗಾದ ಮೇಲೆ ಏನೂ ಆಗದಂತೆ ಏಳುವ ಕಾರಿನಲ್ಲಿ ಇಂಜಿನ್ ಸುತ್ತುವುದನ್ನು ಗಮನಿಸಿ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರನ್ನು ಶಂಕಿಸುತ್ತಾರೆ. ಇದರಷ್ಟು ಕಾಡುವ ರೋಗ ಇನ್ನೊಂದಿಲ್ಲ, ಏಕೆಂದರೆ ಮೆಕ್ಯಾನಿಕ್ ಬರುವ ಹೊತ್ತಿಗೆ ಅದು ವಾಸಿಯಾಗಿರುತ್ತದೆ.

ಇಂಜಿನ್ ಸುತ್ತದೆ ಟಕಟಕಟಕ ಎಂದರೆ ಸಾಮಾನ್ಯವಾಗಿ ಬ್ಯಾಟರಿ ಕುಳಿತಿದೆ. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡಬೇಕು. ದೀಪ ಮಂಕಾಗಿ ಹೋದರೆ ಬ್ಯಾಟರಿ, ಇಲ್ಲವೇ ಅದಕ್ಕೆ ವೈರು ಸೇರುವ ಟರ್ಮಿನಲ್. ದೀಪ ಜಗ್ಗದೆ ಉರಿಯುತ್ತ, ಟಕ್ ಎಂದು ಒಂದೇ ಸದ್ದು ಬಂದರೆ ಇಂಜಿನನ್ನು ಮೊದಲು ಸುತ್ತಿಸುವ ಸ್ಟಾರ್ಟರ್ ಮೋಟಾರಿನ ಕಡೆ ತಿರುಗಬೇಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಬರಿದು. ಸಿರಿವಂತಿಕೆಗೂ ದಿವಾಳಿತನಕ್ಕೂ ನಡುವೆ ಅರ್ಧ ವೋಲ್ಟಿನ ಮೇಲೆ ಒಂದಿಷ್ಟು ಚಿಲ್ಲರೆ! ಇಂಜಿನ್ ಓಡುವಾಗ ಅದು 14ರ ಆಸುಪಾಸಿಗೆ ಏರದಿದ್ದರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಕೈಕೊಟ್ಟಿರಬಹುದು. ಹೊಸ ಬ್ಯಾಟರಿ ತಂದು ಕೂರಿಸಿದರೂ ಅದಕ್ಕೂ ಅದೇ ಗತಿ. ಇವೆಲ್ಲಕ್ಕಿಂತ ಮೊದಲು ಟರ್ಮಿನಲ್ ಮೇಲೆ ಬೆಳೆದಿರುವ ಬಿಳಿ, ಹಸಿರು ಪುಡಿಯನ್ನು ನೋಡಬೇಕು. ಬಿಸಿನೀರು ಹಾಕಿ ಉಜ್ಜಿ, ಒರೆಸಿ, ಬಿಗಿಮಾಡಿ, ಮೇಲೊಂದಿಷ್ಟು ಪೆಟ್ರೋಲಿಯಂ ಜೆಲ್ಲಿ ಸವರಿದರೆ ಎಷ್ಟೋ ಕಾರುಗಳು ಎದ್ದು ಕೂರುತ್ತವೆ. ಇಷ್ಟು ಅಗ್ಗದ ಮದ್ದನ್ನು ನೆರೆದವರಲ್ಲಿ ಯಾರೂ ಹೇಳುವುದಿಲ್ಲ. ಅದರಲ್ಲಿ ಗಾಂಭೀರ್ಯ ಸಾಲದು.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಸ್ಟಾರ್ಟ್ ಮಾಡುವುದೇ ಒಂದು ವಿದ್ಯೆಯಾಗಿತ್ತು. ಚಳಿಯಲ್ಲಿ ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆಯಬೇಕು, ಹದ ತಪ್ಪಿದರೆ ಪ್ಲಗ್ಗು ಪೆಟ್ರೋಲಿನಲ್ಲಿ ನೆನೆದು ಕೂರುತ್ತದೆ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೆಟ್ರೋಲು ಆವಿಯಾಗಿ ದಾರಿ ಕಟ್ಟಿಕೊಂಡರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅದು ತಣಿಯುವ ತನಕ ಬುತ್ತಿ ಬಿಚ್ಚಿ ಕೂರುತ್ತಿದ್ದರು. ಅದಕ್ಕೂ ಹಿಂದೆ ಹ್ಯಾಂಡಲ್ ತಿರುಗಿಸಿ ಕೈ ಮುರಿದುಕೊಂಡವರು ಲೋಕದಲ್ಲಿ ಬಹಳ ಮಂದಿ. ಅಮೆರಿಕದ ಇಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಮಣಿಕಟ್ಟುಗಳು ಕ್ರಮೇಣ ಸುರಕ್ಷಿತವಾದವು.

ಕೊನೆಯ ಉಪಾಯ ತಳ್ಳುವುದು. ಎರಡನೇ ಗೇರು, ಕ್ಲಚ್ಚು ಒತ್ತಿ, ವೇಗ ಬಂದೊಡನೆ ಬಿಡಬೇಕು. ಇದರಲ್ಲಿ ನನಗೆ ಇಷ್ಟವಾಗುವುದು ಕೃತಜ್ಞತೆಯ ಪಾಡು: ಕಾರು ಎದ್ದಿತೆಂದರೆ ಚಾಲಕನಿಗೆ ನಿಲ್ಲಿಸುವ ಧೈರ್ಯವಿಲ್ಲ, ಕಿಟಕಿಯಿಂದ ಕೈಬೀಸುತ್ತ ಹೊರಟೇ ಹೋಗುತ್ತಾನೆ, ತಳ್ಳಿದವರು ಹೊಗೆ ಕುಡಿದು, ಸ್ವಂತ ಕಾರೇ ಎದ್ದಂತೆ ಹಿಗ್ಗುತ್ತಾರೆ. ಆಟೊಮ್ಯಾಟಿಕ್ ಗೇರಿನ ಕಾರುಗಳು ಈ ಸುಖವನ್ನೂ ಕಿತ್ತುಕೊಂಡವು. ಅವನ್ನು ಎಷ್ಟು ತಳ್ಳಿದರೂ ಇಂಜಿನ್ ಏಳುವುದಿಲ್ಲ.

ವಿದ್ಯುತ್ ಕಾರು ಕೊಂಡವರು ಈ ರಗಳೆಯಿಂದ ಪಾರಾದೆವೆಂದು ಬೀಗುವುದುಂಟು. ನೆಲದಡಿ ನೂರಾರು ಕಿಲೋ ಭಾರದ ಬ್ಯಾಟರಿ ಹೊತ್ತ ಆ ಕಾರುಗಳಲ್ಲೂ ಸಾಮಾನ್ಯವಾಗಿ 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದು ಬೇರೆಯೇ ಇರುತ್ತದೆ. ದೊಡ್ಡದನ್ನು ಎಬ್ಬಿಸುವ ಕೆಲಸ ಅದರದು. ಅದು ಕುಳಿತ ದಿನ, ಮುಖ್ಯ ಬ್ಯಾಟರಿಯಲ್ಲಿ ಶೇಕಡ 80 ಚಾರ್ಜ್ ಇಟ್ಟುಕೊಂಡೇ, ಪಕ್ಕದ ಮನೆಯ ಹಳೆಯ ಪೆಟ್ರೋಲ್ ಕಾರಿನ ಮುಂದೆ, ಅದರ ಬ್ಯಾಟರಿಯಿಂದ ಕರೆಂಟು ಕಡ ತರುವ ಜಂಪರ್ ಕೇಬಲ್ ಹಿಡಿದು ನಿಲ್ಲಬೇಕಾಗಬಹುದು.